ಮುಯೇನಿಯ ಬಾಗಿಲಿಗೆ ಬಂದ ಅತ್ತಿಮರ

ಯಜಮಾನ ಸತ್ತರೆ ಅವನ ಅತ್ತಿಮರ ನೆಲದಿಂದ ಬೇರು ಕಿತ್ತುಕೊಂಡು ವಾರಸುದಾರನ ಬಾಗಿಲಿಗೆ ನಡೆದು ಹೋಗುವುದು ಮಚಾಕೋಸ್ ಗುಡ್ಡಗಳ ಊರುಗಳಲ್ಲಿ ಹೊಸತೇನಲ್ಲ. ಮರ ಬೇರೂರಿದ ಮನೆಗೇ ಹೊಲ. ಮುಯೇನಿಯ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವನು ತೀರಿಕೊಂಡಾಗ ಚಿಕ್ಕಪ್ಪ ಮುಸ್ಯೋಕಾ ತನ್ನ ಅಂಗಳದಲ್ಲಿ ಗುಂಡಿ ತೋಡಿಸಿ, ಹಾಲೆರೆದು ಕಾದು ಕುಳಿತ.

ಮರ ಬಂತು. ತೊಗರಿ ಸಾಲುಗಳನ್ನು ತುಳಿಯದೆ ದಾಟಿ, ಮುಸ್ಯೋಕಾನ ಗುಂಡಿಯ ಪಕ್ಕದಲ್ಲೇ ಹಾದು, ಮುಯೇನಿಯ ಗುಡಿಸಲಿನ ಮುಂದೆ ನಿಂತಿತು.

"ಮುದಿ ಮರ, ದಾರಿ ತಪ್ಪಿದೆ. ಹಗ್ಗ ತನ್ನಿ!" ಎಂದ ಚಿಕ್ಕಪ್ಪ.

"ನಿನ್ನ ಹೋರೀನೇ ನಿನ್ನ ಮಾತು ಕೇಳಲ್ಲ, ಮರ ಕೇಳುತ್ತೇನೋ?" ಎಂದಳು ಮುಯೇನಿಯ ಅಜ್ಜಿ.

ಬಿಸಿಲಿಗೆ ಬೇರಿನ ತುದಿಗಳು ಸುರುಟತೊಡಗಿದವು. ಮಧ್ಯಾಹ್ನದೊಳಗೆ ಗುಂಡಿಗಿಳಿಯದಿದ್ದರೆ ಮರ ಒಣಗುತ್ತದೆ, ಹೊಲ ಚಿಕ್ಕಪ್ಪನದಾಗುತ್ತದೆ. ಮುಯೇನಿಯ ಅಂಗಳದಲ್ಲಿ ಗುಂಡಿಯೇ ಇರಲಿಲ್ಲ; ಇಂಥ ಗುಂಡಿಗೆ ಹೆಣ್ಣು ಗುದ್ದಲಿ ಹಾಕುವಂತಿಲ್ಲ ಎಂಬುದು ಊರ ಕಟ್ಟಳೆ. ಗಂಡಸರು ಯಾರೂ ಮುಂದೆ ಬರಲಿಲ್ಲ.

ನಾಲ್ಕು ಜನರೆದುರು ಎಂದೂ ಬಾಯಿ ಬಿಡದ ಮುಯೇನಿ ಒಳಗಿನಿಂದ ಅಪ್ಪನ ಗುದ್ದಲಿ ತಂದು ನೆಲ ಅಗೆಯತೊಡಗಿದಳು.

"ಏಯ್, ಬಿಡೇ! ಸತ್ತ ಹಿರೀಕರು ಮುನಿಸಿಕೊಳ್ತಾರೆ!"

"ಮುನಿಸಿಕೊಂಡಿದ್ದರೆ ಅವರ ಮರ ಇಷ್ಟು ದೂರ ನಡೆದು ಬರ್ತಿತ್ತಾ, ಚಿಕ್ಕಪ್ಪ?"

ಅಜ್ಜಿ ಸೊಂಟಕ್ಕೆ ಬಟ್ಟೆ ಬಿಗಿದು ಮಣ್ಣು ಎತ್ತಿ ಹಾಕತೊಡಗಿದಳು. ನೆರೆಯ ಹೆಂಗಸರು ಗುದ್ದಲಿ ಹಿಡಿದು ಓಡಿ ಬಂದರು, ಅವರ ಹಿಂದೆ ಮುಸ್ಯೋಕಾನ ಹೆಂಡತಿಯೂ. ಸೂರ್ಯ ನೆತ್ತಿಗೇರುವ ಮೊದಲೇ ಮರ ಒಂದೊಂದಾಗಿ ಬೇರುಗಳನ್ನು ಇಳಿಬಿಟ್ಟು ಭದ್ರವಾಗಿ ಕೂತಿತು.

ಮುಯೇನಿ ಮಣ್ಣು ಮುಚ್ಚಿ, ಬರಿಗಾಲಲ್ಲಿ ತುಳಿದು ಗಟ್ಟಿ ಮಾಡಿ, "ನನ್ನ ಹೊಲ" ಎಂದಳು. ಮೊದಲು ಮೆಲ್ಲಗೆ, ಆಮೇಲೆ ಗುಡ್ಡದಾಚೆಯ ಊರಿಗೂ ಕೇಳುವ ಹಾಗೆ.