ಒಂಬತ್ತು ಸೆಕೆಂಡಿನ ದಾರಿ

"ಇಡೀ ಉಗ್ರಾಣ ಕುಂಟ್ತಾ ಇರೋದು ಇಲ್ಲಿ," ಎಂದು ತಜ್ಞ ಪರದೆಗೆ ಕೋಲು ತಾಗಿಸಿದ. ಔಷಧದ ಪೆಟ್ಟಿಗೆಗಳ ಮೂರು ತಿಂಗಳ ಸ್ಕ್ಯಾನ್ ದಾಖಲೆಯನ್ನು ಜಾಲಾಡಿ ಕಂಪ್ಯೂಟರ್ ಬಿಡಿಸಿದ ನಕ್ಷೆ ಅದು. ಯಾವ ಪೆಟ್ಟಿಗೆ ಎಲ್ಲಿ ಹೋಯಿತು, ಎಲ್ಲಿ ತಡವಾಯಿತು ಎನ್ನುವುದೆಲ್ಲ ಗೆರೆಗಳಲ್ಲಿತ್ತು. ಹೆಬ್ಬೆರಳು ದಪ್ಪದ ಕೆಂಪು ಗೆರೆ, ಮೊದಲನೇ ಬಾಗಿಲಲ್ಲಿ ಕೂರುವ, ಎಲ್ಲರೂ ಅಕ್ಕ ಎಂದು ಕರೆಯುವವಳದು.

ಅಕ್ಕ ಇನ್ಸುಲಿನ್ ಪೆಟ್ಟಿಗೆ ಬಿಚ್ಚಿ, ಥರ್ಮಾಮೀಟರ್ ನೋಡಿ, ತಣ್ಣಗಿದ್ದರೆ ಮಾತ್ರ ಮುಂದೆ ಬಿಡುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ.

"ಪೆಟ್ಟಿಗೆಗೆ ಹನ್ನೊಂದು ನಿಮಿಷ. ಇದೇ ಮಾಲು ಎರಡನೇ ಬಾಗಿಲಲ್ಲಿ ಒಳಗೆ ಬಂದು, ತಪಾಸಣೆ ಮುಗಿಸಿ, ಲಾರಿ ಹತ್ತಿ, ಆಸ್ಪತ್ರೆ ಸೇರೋಕೆ ಒಂಬತ್ತೇ ಸೆಕೆಂಡು. ಅಲ್ಲಿರೋದು ಯಾರು?"

ಲಾರಿಗೆ ರೆಕ್ಕೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಭಾವ ಕೈ ಎತ್ತಿದ. ಊರಿಗೆಲ್ಲ ಅಕ್ಕನಾದವಳಿಗೂ ಒಬ್ಬಳು ಅಕ್ಕ ಇದ್ದಳು, ಅವಳ ಗಂಡ ಇವನು. ಪೆಟ್ಟಿಗೆಗಳ ಹಿಂದೆ ಓಡಾಡುವುದು ಅವನ ಮೈಗೆ ಒಗ್ಗದು. ಪೆಟ್ಟಿಗೆಗಳ ಬಾರ್‌ಕೋಡ್ ಚೀಟಿಗಳ ಪ್ರತಿಯನ್ನು ಒಂದು ರಟ್ಟಿಗೆ ಅಂಟಿಸಿಕೊಂಡು, ಬೆಳಗಿನ ಚಹಾದ ಹೊತ್ತಿಗೆ ಕೂತಲ್ಲೇ ಬಂತು, ನೋಡಿದೆ, ಹೋಯಿತು, ತಲುಪಿತು ಎಂದು ನಾಲ್ಕು ಸಲ ಸ್ಕ್ಯಾನ್ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದ. ಆಮೇಲೆ ಅವನ ಪೆಟ್ಟಿಗೆಗಳನ್ನೂ ಬಿಚ್ಚಿ ನೋಡಿ, ಲಾರಿ ಕರೆಸಿ ಹತ್ತಿಸುತ್ತಿದ್ದವಳು ಅಕ್ಕನೇ. ಹನ್ನೊಂದು ನಿಮಿಷದಲ್ಲಿ ಅರ್ಧ ಅವನದು.

ಈಗ ಅವಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಹೇಳಿದರೆ ಒಡಹುಟ್ಟಿದ ಅಕ್ಕನ ಮನೆಯ ಅನ್ನಕ್ಕೆ ಕಲ್ಲು, ಹೇಳದಿದ್ದರೆ ತನ್ನ ಅನ್ನಕ್ಕೆ. ಅವಳು ಭಾವನ ಮುಖ ನೋಡಿದಳು. ಭಾವ ತನ್ನ ಚಪ್ಪಲಿ ನೋಡಿಕೊಂಡ.

"ಸಾರ್, ತಣ್ಣಗಿದೆಯಾ ಅಂತ ಯಾರಾದ್ರೂ ನೋಡ್ಬೇಕಲ್ವಾ?" ಎಂದಷ್ಟೇ ಕೇಳಿದಳು.

"ಈ ಮೂರು ತಿಂಗಳಲ್ಲಿ ಎಷ್ಟು ಪೆಟ್ಟಿಗೆ ಬಿಸಿಯಾಗಿತ್ತು?" ಮ್ಯಾನೇಜರ್ ಕೇಳಿದ.

"ನಲವತ್ತೊಂದು. ವಾಪಸ್ ಕಳಿಸಿದೆ."

"ಎಲ್ಲಾ ನಿಮ್ಮ ಬಾಗಿಲಲ್ಲೇ. ಎರಡನೇ ಬಾಗಿಲಲ್ಲಿ ಒಂದೂ ಇಲ್ಲ. ನೀವು ಬಿಚ್ಚೋದ್ರಿಂದ್ಲೇ ಬಿಸಿ ಆಗ್ತಿರ್ಬೇಕು."

ಸೋಮವಾರದಿಂದ ಅಕ್ಕನಿಗೆ ಅಂಗಳದಲ್ಲಿ ಖಾಲಿ ರಟ್ಟು ಮಡಿಸುವ ಕೆಲಸ. ಭಾವ ತರಬೇತುದಾರನಾದ. ಎಲ್ಲರೂ ಅವನಿಂದ ಕುರ್ಚಿ ಬಿಡದೆ ದುಡಿಯುವುದನ್ನು ಕಲಿತರು. ನಕ್ಷೆ ತುಂಬ ಹಸಿರು ಗೆರೆ. ತಜ್ಞ ಬೆನ್ನು ತಟ್ಟಿಸಿಕೊಂಡು ಮುಂದಿನ ಉಗ್ರಾಣ ಉದ್ಧಾರ ಮಾಡಲು ಹೋದ. ತಲುಪಿದ ಮಾಲಿಗೆ ಲಾರಿ ಯಾಕೆಂದು ಯಾರೂ ಲಾರಿ ಕರೆಸಲಿಲ್ಲ.

ಗುರುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಇನ್ಸುಲಿನ್ ನಾಳೆಗಿಲ್ಲ, ಮಾಲು ಎಲ್ಲಿ ಎಂದು ಕೇಳಿದರು.

ಮ್ಯಾನೇಜರ್ ಪರದೆ ನೋಡಿದ. "ಸೋಮವಾರ ಒಂಬತ್ತೂಕಾಲಿಗೇ ನಿಮ್ಮ ಕೈ ಸೇರಿದೆಯಲ್ಲ. ಸರಿಯಾಗಿ ಹುಡುಕಿ ನೋಡಿ."

ಅವನ ಕಿಟಕಿಯ ಹೊರಗೆ, ಬಿಸಿಲಲ್ಲಿ ಬಿದ್ದಿದ್ದ ಆ ಪೆಟ್ಟಿಗೆಗಳಿಗೆ ಅಕ್ಕ ಖಾಲಿ ರಟ್ಟುಗಳನ್ನು ಹೊದಿಸಿ ನೆರಳು ಮಾಡುತ್ತಿದ್ದಳು.