ಅಜ್ಜ ಕಟ್ಟಿದ ಕಿರೀಟ

ಈಗಲೂ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿದ ವಾಸನೆ ಬಂದರೆ ನನ್ನ ಮುಖ ಗಂಭೀರವಾಗುತ್ತದೆ. ನೋಡಿದವರು ಹೊಟ್ಟೆನೋವೇ ಎನ್ನುತ್ತಾರೆ.

ನಾನು ಚಿಕ್ಕವನಿದ್ದಾಗ, ಡೊಂಬಿವಲಿಯ ನಮ್ಮ ಚಾಳಿನ ಸಾಲುಮನೆಯಲ್ಲಿ ಒಂದು ಮಧ್ಯಾಹ್ನ ಅಜ್ಜ ನನ್ನ ಕೆನ್ನೆಗೆ ಯಕ್ಷಗಾನದ ಬಣ್ಣ ಬಳಿಯುತ್ತಿದ್ದರು. ಸಂಜೆ ಗಣಪತಿ ಮಂಟಪದಲ್ಲಿ ನಾನು ರಾಜ. ಎಲ್ಲರನ್ನೂ ಅಣಕಿಸುವ ನನ್ನಂಥ ಮಂಗ ರಾಜನಾದರೆ ಚಾಳೆಲ್ಲ ನಗುತ್ತದೆಂದು ನನಗೇ ಹೆದರಿಕೆ.

ಪಕ್ಕದ ಮನೆಯ ಕೊಂಕಣದ ಕಾಕಾ ಇಣುಕಿದರು. "ಅರೇ, ಇದು ಆಮ್ಚಾ, ನಮ್ಮ ಕೊಂಕಣದ ದಶಾವತಾರ ಆಟ!"

"ನಮ್ಮ ಆಟ ನೋಡಿಯೇ ನೀವು ಕಲಿತದ್ದು ಮಾರಾಯ್ರೆ," ಎಂದರು ಅಜ್ಜ.

"ಉಲ್ಟಾ, ಅಣ್ಣಾ, ಉಲ್ಟಾ!"

ನಾನು ಇಬ್ಬರ ದನಿಯನ್ನೂ ಅಣಕಿಸಿದೆ. ಅಜ್ಜ ಬೈಯಲಿಲ್ಲ. ಕಿರೀಟವನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆಗೆ ಕಟ್ಟಿದರು. ಎದ್ದು ನಿಂತು ನನಗೇ ಕೈಮುಗಿದರು. ಕಾಕಾ ಚಪ್ಪಲಿ ಕಳಚಿ ತಾವೂ ಕೈಮುಗಿದರು.

"ಮಹಾರಾಜರು ದಯಮಾಡಿಸಬೇಕು," ಎಂದರು ಅಜ್ಜ.

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಯಾರೂ ನಗಲಿಲ್ಲ, ನಾನೂ.