ಸಿನಿಮಾ ಬಾಡಿಗೆ ಇಳಿಯುವ ದಿನ

“ಗುಟ್ಟು ಸೋರ್ತಿರೋದು ನಿಮ್ಮ ಮನೆಯಿಂದಲೇ,” ಎಂದು ಸ್ಟುಡಿಯೋ ಮುಖ್ಯಸ್ಥ ತನ್ನ ಫೋನನ್ನು ಮೇಜಿನಾಚೆಗೆ ತಳ್ಳಿದ. “ಇದು ನಿಮ್ಮ ಮಾವನ ಮೆಸೇಜು ತಾನೇ?”

ಎದುರಿಗೆ ಕೂತಿದ್ದ, ಚಿತ್ರಗಳ ಬಾಡಿಗೆ ಗೊತ್ತುಮಾಡುವ ದರ ಅಧಿಕಾರಿ ಓದಿದಳು. ಗಂಡನ ತಂದೆ ನಿನ್ನೆ ಸಂಜೆ ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಿದ್ದರು: “ಇವತ್ತು ಯಾರೂ ದುಡ್ಡು ದಂಡ ಮಾಡ್ಬೇಡಿ. ನಾಳೆ ಇಳಿಯುತ್ತೆ.” ಬೆಳಿಗ್ಗೆ ಹೊಸ ಚಿತ್ರದ ಬಾಡಿಗೆ ಇಳಿದೇಬಿಟ್ಟಿತ್ತು. ಹಿಂದಿನ ಚಿತ್ರಗಳಿಗೂ ಹೀಗೇ ಆಗಿತ್ತು. ಈ ಸುದ್ದಿ ಮುಟ್ಟಿಸಿದವಳು ಅದೇ ಕಟ್ಟಡದಲ್ಲಿರುವ ಮುಖ್ಯಸ್ಥನ ಸ್ವಂತ ತಂಗಿ. ಅರ್ಧ ದುಡ್ಡಿಗೆ ಸಿನಿಮಾ ಸಿಕ್ಕ ಖುಷಿಯಲ್ಲಿ ಅಣ್ಣನ ಹೊಟ್ಟೆಪಾಡು ಅವಳಿಗೆ ನೆನಪಾಗಿರಲಿಲ್ಲ.

ಚಿತ್ರ ಥಿಯೇಟರ್ ಬಿಟ್ಟು ಮನೆಯ ಟೀವಿಗೆ ಬಂದಾಗ ಮೊದಲು ದುಬಾರಿ ಬಾಡಿಗೆ. ತಡೆಯಲಾರದವರು ಬೈದುಕೊಂಡೇ ಕೊಡುತ್ತಾರೆ. ಅವರೆಲ್ಲ ನೋಡಿ ಮುಗಿಸಿದ ಮೇಲೆ ದರ ಅರ್ಧಕ್ಕೆ ಇಳಿಯಬೇಕು. ಬೇಗ ಇಳಿಸಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ತಡವಾದರೆ ಜನ ಚಿತ್ರವನ್ನೇ ಮರೆಯುತ್ತಾರೆ. ಆ ದಿನವನ್ನು ಸರಿಯಾಗಿ ಹಿಡಿಯುವುದರಲ್ಲಿ ಈ ದರ ಅಧಿಕಾರಿಯನ್ನು ಮೀರಿಸುವವರಿರಲಿಲ್ಲ. ಅದಕ್ಕೆಂದೇ ತರಿಸಿದ್ದ ಸಾಫ್ಟ್‌ವೇರನ್ನು ಅವಳು ತೆರೆದೂ ನೋಡಿರಲಿಲ್ಲ. ಇಳಿಸುವ ದಿನ ಅವಳೊಬ್ಬಳಿಗೇ ಗೊತ್ತು. ಮುಖ್ಯಸ್ಥನಿಗೂ ಬೆಳಿಗ್ಗೆಯೇ ತಿಳಿಯುತ್ತಿತ್ತು.

“ನಿನ್ನೆ ಮನೇಲಿ ಏನು ಮಾತಾಡಿದ್ರಿ?”

“ಏನೂ ಇಲ್ಲ ಸರ್.”

ಅದು ನಿಜವೇ. ಮಾವ ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ‘ಇಷ್ಟು ದುಡ್ಡಿಗೆ ಹೀರೋನೇ ಮನೆಗೆ ಬಂದು ಕುಣಿದು, ಪಾತ್ರೆ ತೊಳೆದು ಹೋಗ್ಬೇಕು’ ಎಂದು ವಾರವಿಡೀ ಗೊಣಗಿದ್ದರು. ನಿನ್ನೆ ಮಾತ್ರ ಸುಮ್ಮನೆ ಟ್ರೇಲರ್ ನೋಡುತ್ತಾ ಕೂತಿದ್ದರು. ಸೊಸೆ ಊಟ ಅರ್ಧಕ್ಕೇ ಬಿಟ್ಟು ಕೋಣೆಗೆ ಹೋಗಿದ್ದಳು.

“ಹಾಗಾದ್ರೆ ಅವರನ್ನೇ ಕೇಳ್ತೀನಿ. ನೀವು ಹೇಳಿದ್ದು ಅಂತಾದ್ರೆ ಇವತ್ತೇ ರಾಜೀನಾಮೆ.”

ಅವಳು ಫೋನಿನ ಮೇಲೆ ಕೈ ಅಡ್ಡವಿಟ್ಟಳು. “ಬೇಡ ಸರ್. ಮಾವನಿಗೆ ಏನೂ ಗೊತ್ತಾಗ್ಬಾರ್ದು.”

ತಪ್ಪಿತಸ್ಥರು ಹೀಗೆಯೇ ಮಾತಾಡುತ್ತಾರೆಂದು ಮುಖ್ಯಸ್ಥನಿಗೆ ಅನುಭವವಿತ್ತು. ಫೋನನ್ನು ಎಳೆದುಕೊಂಡು ಮಾವನಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ, ದರ ಇಳಿಯುವ ದಿನ ಸೊಸೆ ಹೇಳಿದ್ದಾ ಎಂದು ಕೇಳಿದ.

“ಅವಳಾ?” ಮಾವ ನಕ್ಕರು. “ಕುತ್ತಿಗೆ ಹಿಸುಕಿದ್ರೂ ಬಾಯಿ ಬಿಡಲ್ಲ. ಆದ್ರೆ ದರ ಇಳಿಯೋ ಹಿಂದಿನ ಸಂಜೆ ಊಟ ಬಿಟ್ಟು ಕೋಣೆಗೆ ಓಡ್ತಾಳೆ. ನಾನೇನು ಕುರುಡನಾ? ಕೂಡ್ಲೇ ಎಲ್ಲರಿಗೂ ಮೆಸೇಜು ಹಾಕ್ತೀನಿ. ನಿಮ್ಮ ಇಡೀ ಸ್ಟುಡಿಯೋಗೆ ನಾನೊಬ್ಬನೇ ಸಾಕು!”

ಫೋನಿಟ್ಟ ಮುಖ್ಯಸ್ಥನಿಗೆ ನಗು ತಡೆಯಲಾಗಲಿಲ್ಲ. “ಇನ್ಮೇಲೆ ಊಟ ಪೂರ್ತಿ ಮಾಡಿ ಏಳಿ ತಾಯಿ. ಅದಿರ್ಲಿ, ಅಷ್ಟು ಅವಸರದಲ್ಲಿ ಓಡೋದಾದ್ರೂ ಯಾಕೆ?”

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ದರ ಇಳಿಸೋಕೆ ಸರ್. ಮಾವನಂಥ ಜಿಪುಣರೇ ಗೊಣಗೋದು ಬಿಟ್ಟು ಟ್ರೇಲರ್ ಎರಡನೇ ಸಲ ಹಾಕ್ಕೊಂಡ್ರು ಅಂದ್ರೆ, ಊರಲ್ಲಿ ಪೂರ್ತಿ ದುಡ್ಡು ಕೊಡೋರೆಲ್ಲ ಆಗ್ಲೇ ನೋಡಿ ಮುಗಿಸಿದ್ದಾರೆ ಅಂತ ಲೆಕ್ಕ.”